ಚೀನಾದವರು 4410 ಮೀಟರ್ ಎತ್ತರದಲ್ಲಿ ಕೂತಿರುವಾಗ ಊಟಿಯ ವಿಶ್ವಕಿರಣ ಅರೇ ಇನ್ನೂ ಯಾಕೆ ಬೇಕು?

ಗುಂಡ್ಲುಪೇಟೆ_ಗಿರಿ:
ಬಿಎಸ್ಸಿ ಕೊನೇ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗೆ ವಿಶ್ವಕಿರಣಗಳ (ಬಾಹ್ಯಾಕಾಶದಿಂದ ಬರುವ ಹೆಚ್ಚು ಶಕ್ತಿಯ ಕಣಗಳು) ವಿಷಯ ತೆಗೆದುಕೊಂಡಿದ್ದೇನೆ. ಓದುತ್ತಾ ಹೋದಂತೆ ಒಂದು ಅನುಮಾನ ತಲೆ ತಿನ್ನುತ್ತಿದೆ.

ಊಟಿಯಲ್ಲಿ ಟಿಐಎಫ್‌ಆರ್‌ನವರ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಗ್ರೇಪ್ಸ್-3 ಎಂಬ ಅರೇ ಇದೆ, ಅಂದರೆ ನೆಲದ ಮೇಲೆ ಹರಡಿಟ್ಟ ಡಿಟೆಕ್ಟರ್‌ಗಳ ಗುಂಪು. ಎತ್ತರ 2200 ಮೀಟರ್. ಸುಮಾರು 400 ಸಿಂಟಿಲೇಟರ್ ಡಿಟೆಕ್ಟರ್‌ಗಳು (ಕಣ ಹಾದುಹೋದರೆ ಮಿಂಚುವ ಪ್ಲಾಸ್ಟಿಕ್ ಹಲಗೆಗಳು), 25,000 ಚದರ ಮೀಟರ್ ಜಾಗ. ಅತ್ತ ಚೀನಾದ ಸಿಚುವಾನ್‌ನಲ್ಲಿ ಲಾಸೋ ಎಂಬ ಇಂಥದ್ದೇ ಅರೇ ಇದೆ. ಎತ್ತರ 4410 ಮೀಟರ್. ಸಿಂಟಿಲೇಟರ್‌ಗಳೇ 5000ಕ್ಕೂ ಜಾಸ್ತಿ. ಹರವು 1.3 ಚದರ ಕಿಲೋಮೀಟರ್, ಅಂದರೆ ನಮ್ಮದರ ಐವತ್ತು ಪಟ್ಟು.

ವಿಶ್ವಕಿರಣ ಬಂದು ಗಾಳಿಗೆ ಗುದ್ದಿ ಕಣಗಳ ಮಳೆ ಹುಟ್ಟುತ್ತದೆ, ಕೆಳಗಿಳಿಯುತ್ತಾ ಸಾಯುತ್ತದೆ. ಹಾಗಾದರೆ ಎತ್ತರಕ್ಕೆ ಹೋದಷ್ಟೂ ಒಳ್ಳೆಯದು ಅಲ್ವಾ? ಊಟಿಯದನ್ನು ಸುಮ್ನೆ ಹಳೇ ಅಭಿಮಾನಕ್ಕೆ ನಡೆಸುತ್ತಿದ್ದಾರಾ? ಎತ್ತಿಕೊಂಡು ಹೋಗಿ ಲಡಾಖ್‌ನಲ್ಲಿ ಇಡಬಾರದಾ?

ಇನ್ನೊಂದು ಪ್ರಶ್ನೆ. ನೂರಾರು ಚಿಕ್ಕ ಪೆಟ್ಟಿಗೆಗಳ ಬದಲು ಒಂದೇ ದೊಡ್ಡ ಡಿಟೆಕ್ಟರ್ ಯಾಕೆ ಇಡುವುದಿಲ್ಲ?

ಬಿಸಿಬೇಳೆ_ಬಾಸ್:
ಕರೆಕ್ಟ್ ಪ್ರಶ್ನೆ. ನಮ್ಮಲ್ಲಿ ಒಮ್ಮೆ ಶುರು ಮಾಡಿದ್ದನ್ನು ನಿಲ್ಲಿಸುವ ಅಭ್ಯಾಸವೇ ಇಲ್ಲ. ಮ್ಯೂಸಿಯಂ ಮಾಡಿ ಟಿಕೆಟ್ ಇಡಲಿ.

ಶೋಲಾಕಾಡು:
ಊಟಿಗೆ ಹೋದಾಗ ನೋಡಿದ್ದೇನೆ. ಗುಡ್ಡದ ಇಳಿಜಾರಿನ ಮೇಲೆ ಉದ್ದಕ್ಕೆ ಬೆಳ್ಳಿ ಬಣ್ಣದ ದೊಡ್ಡ ಚೌಕಟ್ಟು ನಿಲ್ಲಿಸಿದ್ದಾರೆ, ಅದೇ ತಾನೇ? ಅರ್ಧ ಕಿಲೋಮೀಟರ್ ಇರಬಹುದು.

ಫಿಸಿಕ್ಸ್_ಮೇಷ್ಟ್ರು:
ಶೋಲಾಕಾಡು ಅವರೇ, ಅದು ಊಟಿ ರೇಡಿಯೋ ಟೆಲಿಸ್ಕೋಪ್. ಗೋವಿಂದ್ ಸ್ವರೂಪ್ ಕಟ್ಟಿಸಿದ್ದು, 530 ಮೀಟರ್ ಉದ್ದ. ಅದೂ ಟಿಐಎಫ್‌ಆರ್‌ನದೇ, ಆದರೆ ಕೆಲಸ ಬೇರೆ. ವಿಶ್ವಕಿರಣಗಳ ಪ್ರಯೋಗಾಲಯ ರಾಜಭವನದ ಹತ್ತಿರ ಇದೆ.

ಗಿರಿ, ಮೊದಲು ನಿನ್ನ ಎರಡನೇ ಪ್ರಶ್ನೆಗೆ ಬರುತ್ತೇನೆ. ಒಂದು ಪ್ರೋಟಾನ್ ಮೇಲಿನ ಗಾಳಿಗೆ ಬಡಿದರೆ ಪಯಾನ್ ಎಂಬ ಅಲ್ಪಾಯುಷಿ ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ಚಾರ್ಜ್ ಇಲ್ಲದವು ಕೂಡಲೇ ಗಾಮಾ ಕಿರಣ ಆಗುತ್ತವೆ, ಗಾಮಾದಿಂದ ಎಲೆಕ್ಟ್ರಾನ್ ಪಾಸಿಟ್ರಾನ್ ಜೋಡಿ, ಅವುಗಳಿಂದ ಮತ್ತೆ ಗಾಮಾ. ಚಾರ್ಜ್ ಇರುವ ಪಯಾನ್‌ಗಳು ಮ್ಯೂಆನ್ (ಎಲೆಕ್ಟ್ರಾನಿನಂಥದ್ದೇ, ಆದರೆ ಭಾರದ ಕಣ) ಆಗುತ್ತವೆ. ಇದೆಲ್ಲ ಸೇರಿ ದೋಸೆಯ ಹಾಗೆ ಅಗಲವಾಗಿ, ತೆಳುವಾಗಿ, ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಇಳಿಯುತ್ತದೆ. ಅಗಲ ನೂರಾರು ಮೀಟರ್, ನಡುಭಾಗದ ದಪ್ಪ ಕೆಲವೇ ಮೀಟರ್.

ಅದು ಓರೆಯಾಗಿ ಬಂದರೆ ಒಂದು ಪಕ್ಕದ ಡಿಟೆಕ್ಟರ್‌ಗೆ ಮೊದಲು ತಾಗುತ್ತದೆ, ಇನ್ನೊಂದು ಪಕ್ಕಕ್ಕೆ ಆಮೇಲೆ. ಊಟಿಯಲ್ಲಿ ಅಕ್ಕಪಕ್ಕದ ಎರಡು ಡಿಟೆಕ್ಟರ್‌ಗಳ ನಡುವೆ 8 ಮೀಟರ್. 30 ಡಿಗ್ರಿ ಓರೆ ಇದ್ದರೆ ವ್ಯತ್ಯಾಸ 4 ಮೀಟರ್, ಅಂದರೆ ಸುಮಾರು 13 ನ್ಯಾನೋಸೆಕೆಂಡ್. ಅದನ್ನು ಅಳೆದರೆ ಎತ್ತ ಕಡೆಯಿಂದ ಬಂತು ಎಂದು ಗೊತ್ತಾಗುತ್ತದೆ. ಒಂದೇ ದೊಡ್ಡ ಡಬ್ಬ ಇಟ್ಟರೆ ಈ ಲೆಕ್ಕವೇ ಇಲ್ಲ.

ಅಷ್ಟೇ ಅಲ್ಲ, ನೂರಾರು ಮೀಟರ್ ಅಗಲದ್ದನ್ನು ಪೂರ್ತಿ ಹಿಡಿಯಬೇಕಾಗಿಲ್ಲ. ಅಲ್ಲಲ್ಲಿ ಸ್ಯಾಂಪಲ್ ತೆಗೆದರೆ ಸಾಕು. ಎಲ್ಲೆಲ್ಲಿ ಎಷ್ಟು ಕಣ ಬಿದ್ದವು ಎಂಬುದರಿಂದ ನಡುಬಿಂದು ಸಿಗುತ್ತದೆ, ಒಟ್ಟು ಸಂಖ್ಯೆ ಸಿಗುತ್ತದೆ, ಅದರಿಂದ ಶಕ್ತಿಯ ಅಂದಾಜು.

ಬಿಸಿಬೇಳೆ_ಬಾಸ್:
ಬೆಳಗ್ಗೆ ಬೆಳಗ್ಗೆ ದೋಸೆ ನೆನಪಿಸಿದಿರಲ್ಲ ಮೇಷ್ಟ್ರೇ. ಸೆಟ್ ದೋಸೆನಾ, ಖಾಲಿ ದೋಸೆನಾ?

ಫಿಸಿಕ್ಸ್_ಮೇಷ್ಟ್ರು:
ಪೇಪರ್ ದೋಸೆ. ಅಂಚು ಸ್ವಲ್ಪ ಹಿಂದೆ ಬಾಗಿರುತ್ತದೆ. ಆ ಬಾಗನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ದಿಕ್ಕು ತಪ್ಪುತ್ತದೆ. ತಮಾಷೆ ಅಲ್ಲ ಇದು.

ಅಣುರೇಣು:
ಗಿರಿ ಹೇಳಿದ್ದರಲ್ಲಿ "ಕೆಳಗಿಳಿಯುತ್ತಾ ಸಾಯುತ್ತದೆ" ಅರ್ಧ ಸತ್ಯ. ಮೊದಲು ಬೆಳೆಯುತ್ತದೆ, ತುದಿ ಮುಟ್ಟುತ್ತದೆ, ಆಮೇಲೆ ಸಾಯುತ್ತದೆ. ಆ ತುದಿ ಎಲ್ಲಿ ಬರುತ್ತದೆ ಎನ್ನುವುದು ಬಂದ ಕಣದ ಶಕ್ತಿಯ ಮೇಲೆ ನಿಂತಿದೆ.

ಇಲ್ಲಿ ಮೀಟರ್ ಲೆಕ್ಕಕ್ಕಿಂತ ತಲೆಯ ಮೇಲೆ ಎಷ್ಟು ಗಾಳಿ ಇದೆ ಎಂಬ ಲೆಕ್ಕ ಮುಖ್ಯ. ಸಮುದ್ರಮಟ್ಟದಲ್ಲಿ ಒಂದು ಚದರ ಸೆಂಟಿಮೀಟರ್ ಮೇಲೆ ಸುಮಾರು 1030 ಗ್ರಾಂ ಗಾಳಿ. ಊಟಿಯಲ್ಲಿ ಸುಮಾರು 800. ಲಾಸೋದಲ್ಲಿ ಸುಮಾರು 600. ಒಂದು ಪೆಟಾ ಎಲೆಕ್ಟ್ರಾನ್ ವೋಲ್ಟ್ (ಕಣದ ಶಕ್ತಿಯ ಅಳತೆ; ಪೆಟಾ ಅಂದರೆ ಸಾವಿರ ಟೆರಾ, ಟೆರಾ ಅಂದರೆ ಸಾವಿರ ಗಿಗಾ) ಪ್ರೋಟಾನಿನ ಮಳೆ ತುದಿ ಮುಟ್ಟುವುದು 550-600 ಗ್ರಾಂ ಹತ್ತಿರ. ಆ ಶಕ್ತಿಗೆ ಲಾಸೋ ಸರಿಯಾದ ಜಾಗದಲ್ಲಿ ಕೂತಿದೆ, ಒಪ್ಪಿದೆ. ತುದಿಯ ಹತ್ತಿರ ಏರಿಳಿತ ಕಡಿಮೆ, ಅಳತೆ ಚೊಕ್ಕವಾಗಿ ಬರುತ್ತದೆ.

ಆದರೆ ಶಕ್ತಿ ಹೆಚ್ಚಿದರೆ ತುದಿ ಇನ್ನೂ ಕೆಳಗೆ ಹೋಗುತ್ತದೆ. ಅರ್ಜೆಂಟೀನಾದ ಪಿಯರ್ ಓಜೇ ವೀಕ್ಷಣಾಲಯ 3000 ಚದರ ಕಿಲೋಮೀಟರ್, 1600ಕ್ಕೂ ಹೆಚ್ಚು ನೀರಿನ ಟ್ಯಾಂಕ್, ಟ್ಯಾಂಕಿಗೆ 12,000 ಲೀಟರ್. ಅದರ ಎತ್ತರ ಎಷ್ಟು ಗೊತ್ತಾ? ಸುಮಾರು 1400 ಮೀಟರ್. ಊಟಿಗಿಂತ ಕಡಿಮೆ! ಪಕ್ಕದಲ್ಲೇ ಆಂಡಿಸ್ ಪರ್ವತ ಇತ್ತು, ಹತ್ತಲಿಲ್ಲ. ಯಾಕೆಂದರೆ ಅವರು ಹಿಡಿಯುವ ಮಳೆಗಳಿಗೆ ಬೆಳೆಯಲು ಅಷ್ಟು ಗಾಳಿ ಬೇಕು.

ಗುಂಡ್ಲುಪೇಟೆ_ಗಿರಿ:
ಓ, ಇದು ಗೊತ್ತಿರಲಿಲ್ಲ. ಹಾಗಾದರೆ ಎತ್ತರಕ್ಕೆ ಹೋದಷ್ಟೂ ಒಳ್ಳೆಯದು ಅಂತಿಲ್ಲ. ಸರಿ, ಆದರೆ ಗ್ರೇಪ್ಸ್-3 ನೋಡುವುದೂ ಟೆರಾದಿಂದ ಪೆಟಾ ಮಟ್ಟವನ್ನೇ ತಾನೇ? ಅಲ್ಲಿ ಲಾಸೋನೇ ಮುಂದೆ ಎಂದು ನೀವೇ ಒಪ್ಪಿದಿರಿ.

ಕಾರ್ಲ್ಸ್‌ರೂಹೆ_ಕನ್ನಡತಿ:
ನಾನಿರುವ ಊರಿನ, ಜರ್ಮನಿಯ ಕಾರ್ಲ್ಸ್‌ರೂಹೆಯ, ಉದಾಹರಣೆ ಕೊಡುತ್ತೇನೆ. ಇಲ್ಲಿ ಕಾಸ್ಕೇಡ್ ಎಂಬ ಅರೇ ಇತ್ತು. ಎತ್ತರ 110 ಮೀಟರ್! ಬೆಟ್ಟವಿಲ್ಲ, ಗುಡ್ಡವಿಲ್ಲ, ಸಂಶೋಧನಾ ಕೇಂದ್ರದ ಆವರಣ. 200 ಮೀಟರ್‌ಗೆ 200 ಮೀಟರ್ ಜಾಗದಲ್ಲಿ 252 ಡಿಟೆಕ್ಟರ್ ಕೇಂದ್ರಗಳು. ಯಾವ ಶಕ್ತಿಯ ವಿಶ್ವಕಿರಣ ಎಷ್ಟು ಬರುತ್ತದೆ ಎಂಬ ಗ್ರಾಫ್ 3 ಪೆಟಾ ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಮೊಣಕಾಲಿನಂತೆ ಬಗ್ಗುತ್ತದಲ್ಲ, ಆ ಬಾಗು ಹಗುರ ಧಾತುಗಳಿಂದ ಬರುತ್ತದೆ ಎಂದು ತೋರಿಸಿದ್ದರಲ್ಲಿ ಇವರ ಕೆಲಸ ದೊಡ್ಡದು. ಹೇಗೆ ಸಾಧ್ಯವಾಯಿತು? ಎಲೆಕ್ಟ್ರಾನ್‌ಗಳನ್ನೂ ಮ್ಯೂಆನ್‌ಗಳನ್ನೂ ಬೇರೆ ಬೇರೆಯಾಗಿ ಎಣಿಸಿದರು (ಭಾರದ ಧಾತುವಿನ ಮಳೆಯಲ್ಲಿ ಮ್ಯೂಆನ್ ಪಾಲು ಜಾಸ್ತಿ).

ಹಾಗಾಗಿ "ಎತ್ತರ ಎಷ್ಟು" ಎಂದು ಕೇಳುವ ಮೊದಲು "ಮ್ಯೂಆನ್ ಎಣಿಸುತ್ತೀರಾ" ಎಂದು ಕೇಳಿ.

ನಂಜನಗೂಡು_ರಸಬಾಳೆ:
ಅಕ್ಕ ಸರಿಯಾದ ಜಾಗಕ್ಕೆ ಕೈ ಹಾಕಿದರು. ಊಟಿಯ ಜೀವ ಇರುವುದೇ ಮ್ಯೂಆನ್ ಡಿಟೆಕ್ಟರ್‌ನಲ್ಲಿ.

ನಾನು ಹಿಂದೊಮ್ಮೆ ಒಳಗೆ ಹೋಗಿ ನೋಡಿದ್ದೇನೆ. ಹೊರಗೆ ಹುಲ್ಲಿನ ಮೇಲೆ ಗೋಪುರದಂಥ ಮುಚ್ಚಳ ಹಾಕಿಕೊಂಡ ಸಿಂಟಿಲೇಟರ್‌ಗಳು ಸಾಲಾಗಿ ಕೂತಿರುತ್ತವೆ. ಫೋಟೋದಲ್ಲಿ ಎಲ್ಲರೂ ತೋರಿಸುವುದು ಅದನ್ನೇ. ಮ್ಯೂಆನ್ ಹಾಲ್ ಒಳಗೆ ಹೋದರೆ ಬೇರೆಯೇ ಲೋಕ. ಕಬ್ಬಿಣದ ಚೌಕ ಕೊಳವೆಗಳು. ಒಂದೊಂದೂ 6 ಮೀಟರ್ ಉದ್ದ, ಬಾಯಿ 10 ಸೆಂಟಿಮೀಟರ್‌ಗೆ 10 ಸೆಂಟಿಮೀಟರ್. ಒಳಗೆ ಆರ್ಗಾನ್ ಮತ್ತು ಮೀಥೇನ್ ಅನಿಲ, ನಡುವೆ ಒಂದು ಸಣ್ಣ ತಂತಿ. ಒಂದು ಪದರಕ್ಕೆ 58 ಕೊಳವೆ. ಅಂಥ ನಾಲ್ಕು ಪದರ, ಒಂದು ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಹೀಗಾಗಿ ಮ್ಯೂಆನ್ ಹಾದುಹೋದ ದಾರಿಯೇ ಸಿಗುತ್ತದೆ. ಇಂಥ 16 ಘಟಕಗಳು, ಒಟ್ಟು 3712 ಕೊಳವೆ, 560 ಚದರ ಮೀಟರ್.

ತಲೆಯ ಮೇಲೆ ಎರಡು ಮೀಟರ್‌ಗೂ ಹೆಚ್ಚು ದಪ್ಪದ ಕಾಂಕ್ರೀಟ್ ದಿಮ್ಮಿಗಳನ್ನು ಪದರ ಪದರವಾಗಿ ಪೇರಿಸಿದ್ದಾರೆ. ಮೇಲೆ ಹೋದಂತೆ ಅಗಲ ಜಾಸ್ತಿ, ಪಿರಮಿಡ್ ತಲೆಕೆಳಗಾದ ಹಾಗೆ. ಓರೆಯಾಗಿ 45 ಡಿಗ್ರಿವರೆಗೆ ಬರುವ ಎಲೆಕ್ಟ್ರಾನ್, ಗಾಮಾಗಳನ್ನೂ ತಡೆಯಲಿ ಎಂದು. ಆ ಕಾಂಕ್ರೀಟ್ ದಾಟಿ ಬರುವುದು 1 ಗಿಗಾ ಎಲೆಕ್ಟ್ರಾನ್ ವೋಲ್ಟ್‌ಗಿಂತ ಜಾಸ್ತಿ ಶಕ್ತಿಯ ಮ್ಯೂಆನ್‌ಗಳು ಮಾತ್ರ. ಇದನ್ನು ಲಾರಿಗೆ ಹಾಕಿ ಲಡಾಖ್‌ಗೆ ಸಾಗಿಸುತ್ತೀಯಾ ಗಿರಿ?

ಬಿಸಿಬೇಳೆ_ಬಾಸ್:
ಕಾಂಕ್ರೀಟ್ ಯಾಕೆ ಸಾಗಿಸಬೇಕು, ಅಲ್ಲೇ ಹೊಸದಾಗಿ ಹಾಕಿಸಿದರೆ ಆಯಿತು. ಲಡಾಖ್‌ನಲ್ಲಿ ಮನೆ ಕಟ್ಟುವುದಿಲ್ಲವಾ ಜನ?

ನಂಜನಗೂಡು_ರಸಬಾಳೆ:
ಕಟ್ಟುತ್ತಾರೆ ಬಾಸ್, ಬೇಸಿಗೆಯ ಕೆಲವೇ ತಿಂಗಳು. ನೀರು, ಕರೆಂಟು, ಆಳುಕಾಳು, ಎಲ್ಲವೂ ಅಲ್ಲಿ ದುಬಾರಿ. 3712 ಕೊಳವೆಗಳಲ್ಲಿ ಯಾವುದಾದರೂ ಒಂದು ಅನಿಲ ಸೋರುತ್ತಲೇ ಇರುತ್ತದೆ, ಯಾವುದಾದರೂ ಒಂದರ ವೋಲ್ಟೇಜ್ ಕೈಕೊಡುತ್ತಲೇ ಇರುತ್ತದೆ. ನೋಡಿಕೊಳ್ಳಲು ವರ್ಷವಿಡೀ ಜನ ಬೇಕು. ಊಟಿಯಲ್ಲಿ ವರ್ಕ್‌ಶಾಪ್ ಇದೆ, ಸಿಂಟಿಲೇಟರ್‌ಗಳನ್ನೂ ಅಲ್ಲೇ ತಯಾರಿಸಿಕೊಂಡರು.

ಕೋಲಾರದ_ಚಿನ್ನು:
ಆ ಕೊಳವೆಗಳು ನಮ್ಮ ಕೆಜಿಎಫ್‌ನವು! ಯಾರೂ ಹೇಳಲೇ ಇಲ್ಲ. ಪ್ರೋಟಾನ್ ತಾನಾಗೇ ಒಡೆದು ಬೇರೆ ಕಣಗಳಾಗುತ್ತದೆಯಾ ಎಂದು ನೋಡಲು 1980ರಿಂದ ಗಣಿಯ ಆಳದಲ್ಲಿ ಪ್ರಯೋಗ ನಡೆಯಿತಲ್ಲ, ಅದಕ್ಕೆ ಬಳಸಿದ್ದ ಕೊಳವೆಗಳನ್ನೇ ಊಟಿಗೆ ಸಾಗಿಸಿದ್ದು.

ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. "ಕೆಳಗೆ ಬಾಂಬೆಯವರದೊಂದು ರೂಮಿದೆ, ಅಲ್ಲಿ ಚಿನ್ನ ಹುಡುಕುವುದಿಲ್ಲ, ಪೆಟ್ಟಿಗೆ ಮುಂದೆ ಕೂತು ಕಾಯುತ್ತಾರೆ" ಎನ್ನುತ್ತಿದ್ದರು. ಗಣಿಯವರಿಗೆ ಅದೊಂದು ತಮಾಷೆ. ಏನೂ ಬರದಿದ್ದರೂ ಸಂಬಳ ಬರುತ್ತದಲ್ಲ ಎಂದು ಅಸೂಯೆ ಬೇರೆ.

ಗುಂಡ್ಲುಪೇಟೆ_ಗಿರಿ:
ವಿಶ್ವಕಿರಣ ಆಕಾಶದಿಂದ ಬರುತ್ತದೆ, ಗಣಿಯೊಳಗೆ ಯಾಕೆ ಕೂರಬೇಕು?

ಕೋಲಾರದ_ಚಿನ್ನು:
ಅದರಿಂದ ತಪ್ಪಿಸಿಕೊಳ್ಳಲು. ಮೇಲೆ ಎರಡು ಕಿಲೋಮೀಟರ್ ಕಲ್ಲು ಇದ್ದರೆ ಮ್ಯೂಆನ್‌ಗಳ ಗದ್ದಲ ನಿಲ್ಲುತ್ತದೆ, ಅಪರೂಪದ ಸಂಗತಿ ನಡೆದರೆ ಕಣ್ಣಿಗೆ ಬೀಳುತ್ತದೆ. 1965ರಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಕೂತು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ (ಏನನ್ನೂ ಸುಲಭವಾಗಿ ತಾಗದೆ ಹಾದುಹೋಗುವ ಕಣಗಳು) ಸುಳಿವು ಹಿಡಿದರು. ಟಿಐಎಫ್‌ಆರ್, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್, ಮೂವರೂ ಸೇರಿ ಮಾಡಿದ್ದು. ಜಗತ್ತಿನಲ್ಲಿ ಮೊದಲು ಹಿಡಿದವರಲ್ಲಿ ಅವರೂ ಒಬ್ಬರು. 2001ರಲ್ಲಿ ಗಣಿ ಮುಚ್ಚಿತು. ಈಗ ಕೆಳಗೆಲ್ಲ ನೀರು. ಕೆಜಿಎಫ್ ಅಂದರೆ ಜನಕ್ಕೆ ಬೇರೆ ಏನೇನೋ ನೆನಪಾಗುತ್ತದೆ, ಇದೊಂದು ಬಿಟ್ಟು.

ನಂಜನಗೂಡು_ರಸಬಾಳೆ:
ಕೆಜಿಎಫ್ ಎಂದರೆ ಬಿ.ವಿ. ಶ್ರೀಕಂಠನ್ ಹೆಸರು ಹೇಳಲೇಬೇಕು. ನಮ್ಮೂರಿನವರು, 1925ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು. 1950ರ ದಶಕದ ಶುರುವಿನಲ್ಲೇ ಉಪಕರಣ ಹೊತ್ತು ಆ ಗಣಿಗೆ ಇಳಿದು ಮ್ಯೂಆನ್ ಎಣಿಸಿದರು. ಊಟಿಯ ಪ್ರಯೋಗಗಳ ಹಿಂದೆಯೂ ಅವರಿದ್ದರು. 1975ರಿಂದ 87ರವರೆಗೆ ಟಿಐಎಫ್‌ಆರ್ ನಿರ್ದೇಶಕರು. 2019ರಲ್ಲಿ ತೀರಿಕೊಂಡಾಗ ನಮ್ಮೂರಲ್ಲಿ ಒಂದು ಬ್ಯಾನರ್ ಕೂಡ ಕಾಣಲಿಲ್ಲ. ಯಾವುದೋ ಸಣ್ಣ ಲೀಡರ್ ಹುಟ್ಟುಹಬ್ಬಕ್ಕೆ ರಸ್ತೆ ತುಂಬಾ ಫ್ಲೆಕ್ಸ್ ಇರುತ್ತದೆ.

ಶೋಲಾಕಾಡು:
ಟಿಐಎಫ್‌ಆರ್ ಬಾಂಬೆಯದ್ದಲ್ವಾ, ಕರ್ನಾಟಕಕ್ಕೆ ಯಾಕೆ ಇಷ್ಟು ನಂಟು?

ಅಣುರೇಣು:
ಹೋಮಿ ಭಾಭಾ ಯುದ್ಧದ ಕಾಲದಲ್ಲಿ ಬೆಂಗಳೂರಿನ ಐಐಎಸ್ಸಿಯಲ್ಲಿದ್ದರು. ಅಲ್ಲಿ ವಿಶ್ವಕಿರಣ ಸಂಶೋಧನಾ ಘಟಕ ನಡೆಸಿದರು. 1945ರಲ್ಲಿ ಟಿಐಎಫ್‌ಆರ್ ಶುರುವಾದದ್ದೂ ಅದೇ ಆವರಣದಲ್ಲಿ. ಆಮೇಲೆ ಬಾಂಬೆಗೆ ಹೋಯಿತು. ಅಂದಹಾಗೆ ಎಲೆಕ್ಟ್ರಾನ್ ಗಾಮಾ ಸರಣಿ ಹೇಗೆ ಬೆಳೆಯುತ್ತದೆ ಎಂಬ ಲೆಕ್ಕವನ್ನು 1937ರಲ್ಲಿ ಭೌತವಿಜ್ಞಾನಿ ವಾಲ್ಟರ್ ಹೈಟ್ಲರ್ ಜೊತೆ ಸೇರಿ ಬರೆದವರು ಇದೇ ಭಾಭಾ. ಮೇಷ್ಟ್ರ ದೋಸೆಯ ಮೂಲ ರೆಸಿಪಿ.

ಬಿಸಿಬೇಳೆ_ಬಾಸ್:
ಎಲ್ಲರೂ ಇತಿಹಾಸ ಹೇಳುತ್ತಿದ್ದೀರಿ. ಪ್ರಶ್ನೆ ಇದ್ದದ್ದು ಈಗ ಯಾಕೆ ಬೇಕು ಎಂದು. ಇತ್ತೀಚೆಗೆ ಏನು ಮಾಡಿದ್ದಾರೆ? ಎರಡು ಉದಾಹರಣೆ ಕೊಡಿ, ನಾನು ಸುಮ್ಮನಾಗುತ್ತೇನೆ.

ಫಿಸಿಕ್ಸ್_ಮೇಷ್ಟ್ರು:
ಕೊಡುತ್ತೇನೆ.

2014ರ ಡಿಸೆಂಬರ್ 1ರಂದು ಊಟಿಯ ಮೇಲೆ ಗುಡುಗಿನ ಮೋಡ ಬಂತು. ಸುಮಾರು 18 ನಿಮಿಷ ಮ್ಯೂಆನ್‌ಗಳ ಎಣಿಕೆ ಕೆಳಗಿಳಿಯಿತು. ಇಳಿತ ಶೇಕಡಾ 2ರಷ್ಟು. ಅದೇನು ಮಹಾ ಅನ್ನಬೇಡಿ. ಅವರು ದಿನಕ್ಕೆ ಎಣಿಸುವುದು ಸುಮಾರು 400 ಕೋಟಿ ಮ್ಯೂಆನ್, ಹಾಗಾಗಿ ಶೇಕಡಾ 2 ಎದ್ದು ಕಾಣುತ್ತದೆ. ಮೋಡದೊಳಗಿನ ವಿದ್ಯುತ್ ಕ್ಷೇತ್ರ ಮ್ಯೂಆನ್‌ಗಳ ಶಕ್ತಿಯನ್ನು ಏರಿಳಿಸುತ್ತದೆ. ಪಾಸಿಟಿವ್ ಮ್ಯೂಆನ್‌ಗಳು ನೆಗೆಟಿವ್‌ಗಿಂತ ಸ್ವಲ್ಪ ಜಾಸ್ತಿ ಇರುವುದರಿಂದ ಒಟ್ಟು ಎಣಿಕೆಯಲ್ಲಿ ವ್ಯತ್ಯಾಸ ಉಳಿಯುತ್ತದೆ. ಹಿಂದಿನಿಂದ ಲೆಕ್ಕ ಹಾಕಿದರೆ ಮೋಡದ ವೋಲ್ಟೇಜ್ 1.3 ಗಿಗಾವೋಲ್ಟ್ ಬಂತು. 130 ಕೋಟಿ ವೋಲ್ಟ್! ಅದಕ್ಕೂ ಮೊದಲು ಬಲೂನ್ ಹಾರಿಸಿ ಅಳೆದವರಿಗೆ ಸಿಕ್ಕಿದ್ದು ಇದರ ಹತ್ತನೇ ಒಂದು ಭಾಗ. ಗಿಗಾವೋಲ್ಟ್ ಇರಬೇಕು ಎಂದು ಭೌತವಿಜ್ಞಾನಿ ಸಿ.ಟಿ.ಆರ್. ವಿಲ್ಸನ್ 1929ರಲ್ಲೇ ಹೇಳಿದ್ದರು. 2019ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಇನ್ನೊಂದು 2024ರದ್ದು. 50 ಟೆರಾದಿಂದ 1.3 ಪೆಟಾ ಎಲೆಕ್ಟ್ರಾನ್ ವೋಲ್ಟ್‌ವರೆಗೆ ಬರೀ ಪ್ರೋಟಾನ್‌ಗಳ ಗ್ರಾಫ್ ತೆಗೆದರು. ಶಕ್ತಿ ಏರಿದಂತೆ ಪ್ರೋಟಾನ್‌ಗಳು ಒಂದೇ ಹದದಲ್ಲಿ ಕಡಿಮೆಯಾಗುತ್ತಾ ಹೋಗುತ್ತವೆ ಎಂದುಕೊಂಡಿದ್ದರು. ಸುಮಾರು 166 ಟೆರಾ ಹತ್ತಿರ ಆ ಇಳಿಜಾರು ಸಡಿಲವಾಗುತ್ತದೆ, ಅಂದರೆ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಪ್ರೋಟಾನ್‌ಗಳು ಬರುತ್ತಿವೆ. ಉಪಗ್ರಹಗಳ ಅಳತೆ ಮುಗಿಯುವ ಜಾಗಕ್ಕೂ ದೊಡ್ಡ ಅರೇಗಳ ಅಳತೆ ಶುರುವಾಗುವ ಜಾಗಕ್ಕೂ ನಡುವೆ ಇದ್ದ ಗ್ಯಾಪ್ ಅದು. ಎಲ್ಲಾ ಧಾತುಗಳ ಕಲಸುಮೇಲೋಗರದಿಂದ ಪ್ರೋಟಾನನ್ನು ಬೇರೆ ಮಾಡಲು ಮ್ಯೂಆನ್ ಎಣಿಕೆಯೇ ಬೇಕಾಯಿತು.

ಬಿಸಿಬೇಳೆ_ಬಾಸ್:
ಮೋಡದ್ದು ಚೆನ್ನಾಗಿದೆ. ಅದನ್ನು ಒಪ್ಪಿದೆ. ಇನ್ನೊಂದು ನನಗೆ ಅರ್ಥ ಆಗಲಿಲ್ಲ, ಆದರೂ ಒಪ್ಪಿದೆ.

ವಾಟ್ಸಾಪ್_ವಿಶ್ವೇಶ್ವರ:
ಇದೇ ಊಟಿಯವರು ಭೂಮಿಯ ಕಾಂತಕ್ಷೇತ್ರದಲ್ಲಿ ಬಿರುಕು ಬಿಟ್ಟಿದೆ ಎಂದು ಕಂಡುಹಿಡಿದರಲ್ಲ? ಟಿವಿಯಲ್ಲಿ ಬಂದಿತ್ತು. ಆ ಬಿರುಕು ಮುಚ್ಚಿತಾ?

ಅಣುರೇಣು:
ಬಿರುಕೂ ಇಲ್ಲ, ಸಿಮೆಂಟೂ ಬೇಡ ಸಾರ್. 2015ರ ಜೂನ್ 22ರಂದು ಸೂರ್ಯನಿಂದ ಹೊರಟ ದೊಡ್ಡ ಪ್ಲಾಸ್ಮಾ ಮೋಡ ಭೂಮಿಗೆ ಅಪ್ಪಳಿಸಿತು. ಕಾಂತಕ್ಷೇತ್ರ ಸ್ವಲ್ಪ ಹೊತ್ತು ದುರ್ಬಲವಾಯಿತು. ಮಾಮೂಲಿಯಾಗಿ ಊಟಿಗೆ ಬರಲಾಗದ ಕಡಿಮೆ ಶಕ್ತಿಯ ಕಣಗಳೂ ಒಳಗೆ ನುಗ್ಗಿದವು. ಎರಡು ಗಂಟೆ ಮ್ಯೂಆನ್ ಎಣಿಕೆ ಏರಿತು, ಆಮೇಲೆ ಎಲ್ಲ ಮೊದಲಿನಂತೆ. ಊಟಿ ಸಮಭಾಜಕದ ಹತ್ತಿರ ಇರುವುದರಿಂದ ಅಲ್ಲಿ ಕಾಂತಕ್ಷೇತ್ರದ ತಡೆ ಜೋರು, ಹಾಗಾಗಿ ಇದು ವಿಶೇಷ. "ಬಿರುಕು" ಎಂಬುದು ಹೆಡ್‌ಲೈನ್ ಕೊಟ್ಟವರ ಕೈಚಳಕ.

ವಾಟ್ಸಾಪ್_ವಿಶ್ವೇಶ್ವರ:
ಹಾಗಾದರೆ ರಾತ್ರಿ 12.30ರಿಂದ 3.30ರವರೆಗೆ ವಿಶ್ವಕಿರಣ ಭೂಮಿಯ ಹತ್ತಿರ ಹಾದುಹೋಗುತ್ತದೆ, ಮೊಬೈಲ್ ಆಫ್ ಮಾಡಿ ದೂರ ಇಡಿ ಎಂದು ಬರುತ್ತದಲ್ಲ?

ಕಾರ್ಲ್ಸ್‌ರೂಹೆ_ಕನ್ನಡತಿ:
ಅಯ್ಯೋ, ಅದು ಇನ್ನೂ ಸತ್ತಿಲ್ಲವಾ! ನಮ್ಮ ಅತ್ತೆ ನನಗೇ ಕಳಿಸಿದ್ದರು, "ಅಲ್ಲಿ ಎಷ್ಟು ಗಂಟೆಗೆ ಬರುತ್ತೆ ನೋಡ್ಕೋಮ್ಮ" ಎಂದು.

ಫಿಸಿಕ್ಸ್_ಮೇಷ್ಟ್ರು:
ವಿಶ್ವೇಶ್ವರ ಅವರೇ, ವಿಶ್ವಕಿರಣಕ್ಕೆ ಟೈಮ್ ಟೇಬಲ್ ಇಲ್ಲ. ಸಮುದ್ರಮಟ್ಟದಲ್ಲಿ ಒಂದು ಚದರ ಸೆಂಟಿಮೀಟರ್‌ಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಆನ್ ಬೀಳುತ್ತಲೇ ಇರುತ್ತದೆ. ನೀವು ಈ ಸಾಲು ಓದುವಷ್ಟರಲ್ಲಿ ನಿಮ್ಮ ಅಂಗೈಯಲ್ಲಿ ಹತ್ತಾರು ಹಾದುಹೋಗಿರುತ್ತವೆ. ಮೊಬೈಲ್ ಆಫ್ ಮಾಡಿದರೂ ಹೋಗುತ್ತವೆ.

ಕೋಡು_ಬರೆಯುವ_ಕೊಟ್ಟೂರ:
ಮೊಬೈಲ್‌ಗೆ ಏನೂ ಆಗುವುದಿಲ್ಲ ಅಂತಲ್ಲ. ಮೆಮೊರಿ ಚಿಪ್‌ನಲ್ಲಿ ಒಂದು ಬಿಟ್ (0 ಅಥವಾ 1) ಅದಲುಬದಲಾಗಬಹುದು. 2003ರಲ್ಲಿ ಬೆಲ್ಜಿಯಂನ ಶಾರ್ಬೇಕ್‌ನಲ್ಲಿ ಒಬ್ಬ ಅಭ್ಯರ್ಥಿಗೆ 4096 ವೋಟು ಹೆಚ್ಚಿಗೆ ಬಂತು. 4096 ಅಂದರೆ 2ರ 12ನೇ ಘಾತ, ಅಂದರೆ ಹದಿಮೂರನೇ ಬಿಟ್ ಮಗುಚಿಕೊಂಡಿದೆ. ವಿಶ್ವಕಿರಣದ ಮೇಲೇ ಅನುಮಾನ. ಸರ್ವರ್‌ಗಳಲ್ಲಿ ತಪ್ಪು ತಿದ್ದಿಕೊಳ್ಳುವ ಮೆಮೊರಿ ಹಾಕುವುದು ಇಂಥದ್ದಕ್ಕೇ.

ಬಿಸಿಬೇಳೆ_ಬಾಸ್:
ನಮ್ಮ ತಾಲೂಕು ಪಂಚಾಯಿತಿ ಚುನಾವಣೆಯಲ್ಲಿ ಹೆಚ್ಚಿಗೆ ವೋಟು ಬರಲು ವಿಶ್ವಕಿರಣ ಬೇಕಾಗಿಲ್ಲ.

ಶೋಲಾಕಾಡು:
ವಿಷಯಕ್ಕೆ ಬನ್ನಿ ಮಾರಾಯರೇ. ಲಡಾಖ್‌ನ ಹಾನ್ಲೆಯಲ್ಲಿ ಈಗಾಗಲೇ ಮೇಸ್ ಎಂಬ ಟೆಲಿಸ್ಕೋಪ್ ಇದೆಯಲ್ಲ? 2024ರಲ್ಲಿ ಉದ್ಘಾಟನೆ ಆಯಿತು. ಎತ್ತರ 4300 ಮೀಟರ್ ಹತ್ತಿರ. ಅದೂ ಏರ್ ಶವರ್, ಅಂದರೆ ಇದೇ ಕಣಗಳ ಮಳೆ, ನೋಡುತ್ತದೆ. ಗಿರಿ ಕೇಳಿದ್ದು ಆಗಿಬಿಟ್ಟಿದೆ.

ಅಣುರೇಣು:
ಅದು ಬೇರೆ ಜಾತಿ. ಮೇಸ್ 21 ಮೀಟರ್ ವ್ಯಾಸದ ಕನ್ನಡಿ. ಮಳೆಯ ಕಣಗಳು ಗಾಳಿಯಲ್ಲಿ ಚೆಲ್ಲುವ ಚೆರೆಂಕೋವ್ ಎಂಬ ಮಂದ ನೀಲಿ ಬೆಳಕನ್ನು ಹಿಡಿಯುತ್ತದೆ. ಅದಕ್ಕಿಂತ ಮೊದಲೇ ಅಲ್ಲಿ ಹಗಾರ್ ಎಂಬ ಇಂಥದ್ದೇ ಟೆಲಿಸ್ಕೋಪ್ ಗುಂಪು ಬಂತು, ಬೆಂಗಳೂರಿನ ಭಾರತೀಯ ಖಗೋಳ ಭೌತ ಸಂಸ್ಥೆಯ ಪಾಲೂ ಅದರಲ್ಲಿದೆ. ಇಂಥವು ಕತ್ತಲ ರಾತ್ರಿ, ಮೋಡವಿಲ್ಲದ ಆಕಾಶ ಇದ್ದರೆ ಮಾತ್ರ ಕೆಲಸ ಮಾಡುತ್ತವೆ. ಒಮ್ಮೆಗೆ ನೋಡುವುದೂ ಆಕಾಶದ ಒಂದು ಸಣ್ಣ ತುಣುಕು, ಆದರೆ ನೋಡಿದ್ದನ್ನು ಬಹಳ ಚೂಪಾಗಿ ನೋಡುತ್ತವೆ.

ನೆಲದ ಮೇಲಿನ ಅರೇಗೆ ಹಗಲೂ ಒಂದೇ, ರಾತ್ರಿಯೂ ಒಂದೇ. ಊಟಿಯ ಮಂಜು, ಜಿಟಿಜಿಟಿ ಮಳೆ, ಯಾವುದೂ ಅಡ್ಡಿಯಿಲ್ಲ. ಚೆರೆಂಕೋವ್ ಟೆಲಿಸ್ಕೋಪ್ ಊಟಿಯಲ್ಲಿಟ್ಟರೆ ಮಳೆಗಾಲದ ತಿಂಗಳುಗಳು ಹೋದಂತೆಯೇ.

ಕಾರ್ಲ್ಸ್‌ರೂಹೆ_ಕನ್ನಡತಿ:
ಅಣುರೇಣು ಹೇಳಿದ್ದು ಸರಿ. ಆದರೆ ಲಾಸೋವನ್ನು ಕೀಳಾಗಿ ನೋಡುವುದು ಬೇಡ. ಲೆಕ್ಕ ಹಾಕೋಣ. ಅಲ್ಲಿನ ಮ್ಯೂಆನ್ ಡಿಟೆಕ್ಟರ್‌ಗಳು 1188, ಒಂದೊಂದೂ 36 ಚದರ ಮೀಟರ್, ನೀರಿನ ಟ್ಯಾಂಕ್‌ಗಳನ್ನು ಮಣ್ಣಿನಡಿ ಹೂತಿದ್ದಾರೆ. ಒಟ್ಟು 40,000 ಚದರ ಮೀಟರ್‌ಗೂ ಮೇಲೆ. ಊಟಿಯದು 560. ಜಾಗಕ್ಕೆ ಹೋಲಿಸಿದರೂ ಅವರದ್ದು ಶೇಕಡಾ 3ಕ್ಕೂ ಹೆಚ್ಚು, ನಮ್ಮದು 2ರ ಆಸುಪಾಸು. ಮ್ಯೂಆನ್‌ನಲ್ಲೂ ಅವರೇ ಮುಂದೆ. ಅವರು 2021ರಲ್ಲಿ ಪ್ರಕಟಿಸಿದ 12 ಗಾಮಾ ಮೂಲಗಳು, 1.4 ಪೆಟಾ ಎಲೆಕ್ಟ್ರಾನ್ ವೋಲ್ಟ್‌ನ ಫೋಟಾನ್, ಇವೆಲ್ಲ ಊಟಿಯಿಂದ ಆಗುವ ಕೆಲಸವಲ್ಲ. ಗಾಮಾದ ಮಳೆಯಲ್ಲಿ ಮ್ಯೂಆನ್ ತೀರಾ ಕಡಿಮೆ, ಪ್ರೋಟಾನಿನದರಲ್ಲಿ ಜಾಸ್ತಿ. ಹತ್ತಾರು ಸಾವಿರ ಮಳೆಗಳಲ್ಲಿ ಒಂದು ಗಾಮಾ ಹೆಕ್ಕಬೇಕಾದರೆ ಅಷ್ಟು ದೊಡ್ಡ ಮ್ಯೂಆನ್ ಹಾಸು ಬೇಕು.

ನಂಜನಗೂಡು_ರಸಬಾಳೆ:
ಅಕ್ಕ, ಒಂದು ಕಡೆ ನಾವು ಮುಂದೆ. ಸಿಂಟಿಲೇಟರ್‌ಗಳ ದಟ್ಟಣೆ. ಊಟಿಯಲ್ಲಿ 8 ಮೀಟರ್‌ಗೊಂದು, ಅಲ್ಲಿ 15 ಮೀಟರ್‌ಗೊಂದು. ಎರಡೂ ಕಡೆ ಒಂದೊಂದು ಡಿಟೆಕ್ಟರ್ 1 ಚದರ ಮೀಟರ್. ಜಾಗ ಭಾಗಿಸಿ ನೋಡಿ, ನಮ್ಮದು ನಾಲ್ಕು ಪಟ್ಟು ದಟ್ಟ. ಸಣ್ಣ ಮಳೆಗಳನ್ನು ಹಿಡಿಯಲು ಇದು ಬೇಕು. ಇನ್ನೊಂದು, ನಮ್ಮ ಮ್ಯೂಆನ್ ಕೊಳವೆಗಳು ದಿಕ್ಕನ್ನೂ ಹೇಳುತ್ತವೆ. ಗುಡುಗಿನ ಮೋಡದ ಕೆಲಸ ಆದದ್ದು ಅದರಿಂದ. ಮಣ್ಣಿನಡಿಯ ಟ್ಯಾಂಕ್ ಎಷ್ಟು ಬಂತು ಹೇಳುತ್ತದೆ, ಒಂಟಿ ಮ್ಯೂಆನ್ ಎಲ್ಲಿಂದ ಬಂತು ಎಂದು ಹೇಳುವುದಿಲ್ಲ.

ಕಾರ್ಲ್ಸ್‌ರೂಹೆ_ಕನ್ನಡತಿ:
ದಟ್ಟಣೆ ಒಪ್ಪಿದೆ. ಆದರೆ ಲಾಸೋದಲ್ಲಿ 78,000 ಚದರ ಮೀಟರ್‌ನ ನೀರಿನ ಕೊಳ ಬೇರೆ ಇದೆ, ನೆಲದಲ್ಲಿ ಸಂದೇ ಇಲ್ಲದಂತೆ. ಸಣ್ಣ ಮಳೆಗಳನ್ನು ಅದು ನೋಡಿಕೊಳ್ಳುತ್ತದೆ. ಅದನ್ನು ನೀವು ಬಿಟ್ಟುಬಿಟ್ಟಿರಿ.

ನಂಜನಗೂಡು_ರಸಬಾಳೆ:
ಬೇಕಂತಲೇ ಬಿಟ್ಟೆ. :)

ಗುಂಡ್ಲುಪೇಟೆ_ಗಿರಿ:
ಮೇಷ್ಟ್ರೇ, ದಿಕ್ಕು ಸರಿಯಾಗಿ ಅಳೆಯುತ್ತಿದ್ದೇವೆ ಎಂದು ಅವರಿಗೆ ಗ್ಯಾರಂಟಿ ಹೇಗೆ? ಮೇಲೆ ಹೋಗಿ ನೋಡಿ ಬರಲು ಆಗುವುದಿಲ್ಲವಲ್ಲ.

ಫಿಸಿಕ್ಸ್_ಮೇಷ್ಟ್ರು:
ಚಂದ್ರ ಇದ್ದಾನಲ್ಲ. ಆಕಾಶದಲ್ಲಿ ಅವನ ಅಗಲ ಅರ್ಧ ಡಿಗ್ರಿ. ವಿಶ್ವಕಿರಣಗಳು ಎಲ್ಲಾ ಕಡೆಯಿಂದ ಬರುತ್ತವೆ, ಚಂದ್ರ ಇರುವ ಕಡೆ ಮಾತ್ರ ಅವನೇ ತಡೆದುಬಿಡುತ್ತಾನೆ. ವರ್ಷಗಟ್ಟಲೆ ಡೇಟಾ ಕೂಡಿಸಿದರೆ ಅಲ್ಲೊಂದು ಕೊರತೆ ಕಾಣುತ್ತದೆ, ಚಂದ್ರನ ನೆರಳು. ಆ ನೆರಳು ಚಂದ್ರನ ಜಾಗದಲ್ಲೇ ಬಿದ್ದರೆ ದಿಕ್ಕು ಸರಿ. ಎಷ್ಟು ಮಸುಕಾಗಿದೆ ನೋಡಿದರೆ ಅಳತೆ ಎಷ್ಟು ಚೂಪು ಎಂದೂ ಗೊತ್ತಾಗುತ್ತದೆ. ಗ್ರೇಪ್ಸ್-3 ಕೂಡ ಹೀಗೇ ಪರೀಕ್ಷಿಸಿಕೊಂಡಿದೆ. ದಿನಕ್ಕೆ ಸುಮಾರು 30 ಲಕ್ಷ ಮಳೆ ದಾಖಲಾಗುತ್ತವೆ, ಹಾಗಾಗಿ ಲೆಕ್ಕಕ್ಕೆ ಸಾಮಾನು ಕಡಿಮೆಯಿಲ್ಲ.

ಬಿಸಿಬೇಳೆ_ಬಾಸ್:
ಚಂದ್ರನನ್ನೇ ಸ್ಕೇಲ್ ಮಾಡಿಕೊಂಡಿದ್ದಾರೆ. ಸರಿ, ಮ್ಯೂಸಿಯಂ ಮಾತು ವಾಪಸ್ ತೆಗೆದುಕೊಂಡೆ. ಆದರೆ ಹಾನ್ಲೆಯಲ್ಲಿ ಹೊಸದೊಂದು ಅರೇ ಬೇಕು ಎನ್ನುವುದರಲ್ಲಿ ಗಿರಿ ಜೊತೆ ನಾನಿದ್ದೇನೆ. ಊಟಿಯೂ ಇರಲಿ, ಅದೂ ಬರಲಿ.

ಅಣುರೇಣು:
ಅದಕ್ಕೆ ನನ್ನ ಜಗಳವೇ ಇಲ್ಲ. ಮೆಕ್ಸಿಕೋದ ಹಾಕ್ ವೀಕ್ಷಣಾಲಯ 4100 ಮೀಟರ್‌ನಲ್ಲಿ 300 ನೀರಿನ ಟ್ಯಾಂಕ್ ಇಟ್ಟಿತು. ದಕ್ಷಿಣ ಗೋಳಾರ್ಧದಲ್ಲಿ ಇಂಥದ್ದೇ ಕಟ್ಟಲು ಹೊರಟವರು ಚಿಲಿಯ ಅಟಕಾಮಾದಲ್ಲಿ ಇನ್ನೂ ಮೇಲೆ ಜಾಗ ಆರಿಸಿದ್ದಾರೆ. ಒಂದನ್ನು ಕಿತ್ತು ಇನ್ನೊಂದು ಮಾಡಿ ಎನ್ನುವುದಷ್ಟೇ ನನಗೆ ಒಪ್ಪಿಗೆಯಿಲ್ಲ. ಸೂರ್ಯನ ಚಟುವಟಿಕೆ ಏರಿಳಿಯುವ 11 ವರ್ಷದ ಚಕ್ರ ನೋಡಬೇಕಾದರೆ ಅದೇ ಜಾಗದಲ್ಲಿ, ಅದೇ ಉಪಕರಣ ದಶಕಗಟ್ಟಲೆ ಓಡುತ್ತಿರಬೇಕು.

ಗುಂಡ್ಲುಪೇಟೆ_ಗಿರಿ:
ಎಲ್ಲರಿಗೂ ಥ್ಯಾಂಕ್ಸ್. ಈಗ ಪ್ರಾಜೆಕ್ಟ್ ವಿಷಯ. ಮೇಷ್ಟ್ರೇ, ಕಾಸ್ಮಿಕ್ ವಾಚ್ (ವಿದ್ಯಾರ್ಥಿಗಳೇ ಜೋಡಿಸಬಹುದಾದ ಮ್ಯೂಆನ್ ಎಣಿಸುವ ಉಪಕರಣ) ಥರದ ಸಣ್ಣ ಸಿಂಟಿಲೇಟರ್ ಡಿಟೆಕ್ಟರ್ ಎರಡು ಮಾಡಿ, ಕಾಲೇಜಿನ ತಾರಸಿ ಮೇಲೆ ದೂರ ದೂರ ಇಟ್ಟರೆ ಏರ್ ಶವರ್ ಸಿಗುತ್ತದಾ? ಒಂದೊಂದೂ 5 ಸೆಂಟಿಮೀಟರ್ ಚೌಕ.

ಫಿಸಿಕ್ಸ್_ಮೇಷ್ಟ್ರು:
1938ರಲ್ಲಿ ಫ್ರೆಂಚ್ ಭೌತವಿಜ್ಞಾನಿ ಪಿಯರ್ ಓಜೇ ಮಾಡಿದ್ದೇ ಇದನ್ನು. ಆಲ್ಪ್ಸ್‌ನಲ್ಲಿ ಕೌಂಟರ್‌ಗಳನ್ನು 300 ಮೀಟರ್‌ವರೆಗೆ ದೂರ ಇಟ್ಟರೂ ಒಟ್ಟಿಗೇ ಮಿಡಿಯುವುದನ್ನು ಕಂಡರು. ಆದ್ದರಿಂದ ಧೈರ್ಯ ಮಾಡು, ಆದರೆ ದುರಾಸೆ ಬೇಡ. ಮೊದಲು ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡು. ಒಂಟಿ ಮ್ಯೂಆನ್ ಎರಡನ್ನೂ ದಾಟುತ್ತದೆ, ನಿಮಿಷಕ್ಕೆ ಹತ್ತಿಪ್ಪತ್ತು ಸಿಗಬೇಕು. ಅದು ಬಂದ ಮೇಲೆ ಪಕ್ಕಪಕ್ಕ ಇಡು, ಆಮೇಲೆ ಒಂದು ಮೀಟರ್, ಎರಡು ಮೀಟರ್ ದೂರ ಮಾಡು. ಎಣಿಕೆ ದಢಕ್ಕನೆ ಬೀಳುತ್ತದೆ. ಉಳಿದದ್ದು ಏರ್ ಶವರ್.

ಅಣುರೇಣು:
ಆಕಸ್ಮಿಕ ಜೋಡಿಗಳ ಲೆಕ್ಕ ಮರೆಯಬೇಡ. ಎರಡೂ ಸೆಕೆಂಡಿಗೆ ಒಂದೊಂದು ಸಲ ಮಿಡಿಯುತ್ತವೆ ಎಂದುಕೋ. ಒಂದು ಮೈಕ್ರೋಸೆಕೆಂಡ್ ಕಿಟಕಿ (ಅಷ್ಟು ಹಿಂದೆಮುಂದೆಯೊಳಗೆ ಎರಡೂ ಮಿಡಿದರೆ ಜೋಡಿ ಎಂದು ಲೆಕ್ಕ) ಇಟ್ಟರೆ ಸುಮ್ಮನೆ ಹೊಂದಿಕೊಳ್ಳುವುದು ಆರು ದಿನಕ್ಕೆ ಒಂದು. ನಿನ್ನ ಎಣಿಕೆ ಅದಕ್ಕಿಂತ ಜಾಸ್ತಿ ಇದ್ದರೆ ಅದು ನಿಜವಾದ ಸಿಗ್ನಲ್. ಕಿಟಕಿ ಮಿಲಿಸೆಕೆಂಡ್‌ಗೆ ಬಿಟ್ಟರೆ ದಿನಕ್ಕೆ ನೂರೈವತ್ತಕ್ಕೂ ಹೆಚ್ಚು ಸುಳ್ಳು ಜೋಡಿ. ಹಾಗಾಗಿ ಎರಡನ್ನೂ ಕೇಬಲ್‌ನಲ್ಲಿ ಜೋಡಿಸಿ ಹಾರ್ಡ್‌ವೇರ್‌ನಲ್ಲೇ ಹೊಂದಿಸು, ಲ್ಯಾಪ್‌ಟಾಪ್ ಗಡಿಯಾರ ನಂಬಬೇಡ.

ಗುಂಡ್ಲುಪೇಟೆ_ಗಿರಿ:
ಒಂದು ಡಿಟೆಕ್ಟರ್ ಈಗಾಗಲೇ ಮಾಡಿದ್ದೇನೆ. ರಾತ್ರಿ ಸರಿಯಾಗಿ ಎಣಿಸುತ್ತದೆ, ಹಗಲು ಎಣಿಕೆ ಹತ್ತು ಪಟ್ಟು ಏರುತ್ತದೆ. ಸೂರ್ಯನಿಂದ ಬರುವ ಕಣಗಳಾ?

ಕೋಡು_ಬರೆಯುವ_ಕೊಟ್ಟೂರ:
😂😂

ಫಿಸಿಕ್ಸ್_ಮೇಷ್ಟ್ರು:
ಸೂರ್ಯನಿಂದ ಬರುವ ಬೆಳಕಪ್ಪ ಅದು. ಡಬ್ಬದೊಳಗೆ ಎಲ್ಲೋ ನುಸುಳುತ್ತಿದೆ. ಕಪ್ಪು ಇನ್ಸುಲೇಷನ್ ಟೇಪ್ ಇನ್ನೆರಡು ಸುತ್ತು ಸುತ್ತು, ಮೂಲೆಗಳಿಗೆ ಮತ್ತು ವೈರ್ ಹೊರಬರುವ ತೂತಿಗೆ ಜಾಸ್ತಿ. ಆಮೇಲೆ ಕತ್ತಲ ಕೋಣೆಯಲ್ಲಿಟ್ಟು ಮೊಬೈಲ್ ಟಾರ್ಚ್ ಒಂದೊಂದೇ ಮೂಲೆಗೆ ಹಿಡಿ. ಯಾವ ಮೂಲೆಯಲ್ಲಿ ಎಣಿಕೆ ಏರುತ್ತದೋ ತೂತು ಅಲ್ಲಿದೆ.